ಪಾಮೋಲಿನ್ ಡಬ್ಬ ಮತ್ತು ಚಳ್ಳಕೆರೆಯ ಗಾಣ

ಮುಂಬೈಯ ನಮ್ಮ ಉಡುಪಿ ಹೋಟೆಲುಗಳಲ್ಲಿ ವಡೆ ಬೇಯುವುದು ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾದ ಪಾಮೋಲಿನ್‌ನಲ್ಲಿ, ಅಂದರೆ ತಾಳೆ ಎಣ್ಣೆಯಲ್ಲಿ. 2022ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿತು, ಇಲ್ಲಿ ಡಬ್ಬದ ದರ ನಡುಗಿತು. ಅಲ್ಲಿನ ಸರ್ಕಾರ ತನ್ನ ಜನರ ಹೊಟ್ಟೆ ನೋಡಿಕೊಂಡಿತು, ತಪ್ಪೇನಿಲ್ಲ. ನಮ್ಮವರು ಏನು ಮಾಡಿದರು ಎಂಬುದೇ ಪ್ರಶ್ನೆ.

1986ರಲ್ಲಿ ಎಣ್ಣೆಕಾಳು ಮಿಷನ್ ಶುರುವಾಗಿ, ತೊಂಬತ್ತರ ದಶಕದ ಆರಂಭಕ್ಕೆ ದೇಶ ಖಾದ್ಯ ತೈಲದಲ್ಲಿ ಬಹುತೇಕ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಆಗ ಸುಂಕ ಶೇ. 65. 1998ರ ಹೊತ್ತಿಗೆ ಶೇ. 15. ಅಗ್ಗದ ಎಣ್ಣೆಯ ಎದುರು 'ಎರಡನೇ ಮುಂಬೈ' ಎನಿಸಿಕೊಂಡಿದ್ದ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಎಷ್ಟೋ ಎಣ್ಣೆ ಮಿಲ್‌ಗಳು ಬಾಗಿಲು ಹಾಕಿದವು. ಸುಂಕದ ಓಲಾಟ ಇನ್ನೂ ನಿಂತಿಲ್ಲ: 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕ ಶೇ. 20ಕ್ಕೆ ಏರಿತು, 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಯಿತು. ಅದೂ ಮುಂಗಾರು ಬಿತ್ತನೆಯ ಹೊಸ್ತಿಲಲ್ಲಿ! ರೈತ ಯಾವ ಧೈರ್ಯದ ಮೇಲೆ ಶೇಂಗಾ ಬಿತ್ತಬೇಕು?

ಬಂದರು ಮುಚ್ಚಿ ಎನ್ನುವುದು ಪರಿಹಾರವಲ್ಲ. ಕರಿಯುವ ಬಾಣಲೆಗೆ ಪಾಮೋಲಿನ್ ಸದ್ಯ ಇರಲಿ, ಹೆಚ್ಚು ಹೊತ್ತು ತಡೆಯುತ್ತದೆ. ಒಗ್ಗರಣೆ, ಪಲ್ಯ, ದೋಸೆ ಕಾವಲಿಗೆ ಬೇಕಾದ ಎಣ್ಣೆಗೆ ಹೋಟೆಲಿನವರು ಒಟ್ಟಾಗಿ ಸಹಕಾರಿ ಲೆಕ್ಕದಲ್ಲಿ ಚಳ್ಳಕೆರೆ ಕಡೆಯ ಶೇಂಗಾ ಕೊಂಡು ಗಾಣಕ್ಕೆ ಹಾಕಿಸಬಹುದು.

ಒಂದು ಕ್ವಿಂಟಲ್ ಶೇಂಗಾ ಕಾಯಿ ಸುಲಿದರೆ ಸುಮಾರು 70 ಕಿಲೊ ಬೀಜ. ಶೇ. 40 ಇಳುವರಿ ಹಿಡಿದರೆ 28 ಕಿಲೊ ಎಣ್ಣೆ, 40 ಕಿಲೊ ಹಿಂಡಿ. 2025-26ರ ಬೆಂಬಲ ಬೆಲೆ ಕ್ವಿಂಟಲ್ ಕಾಯಿಗೆ ₹7,263. ಹಿಂಡಿ ಕಿಲೊಗೆ ₹40ರಂತೆ ಹೋದರೆ ₹1,600 ವಾಪಸ್. ಎಣ್ಣೆಗೆ ಕಿಲೊಗೆ ₹202 ಬಿತ್ತು. ಗಾಣದ ಕೂಲಿ, ಡಬ್ಬ, ಲಾರಿ ಬಾಡಿಗೆ, ಜಿಎಸ್‌ಟಿ ಬೇರೆ. ಪಾಮೋಲಿನ್‌ಗಿಂತ ದುಬಾರಿಯೇ, ಮುಚ್ಚಿಡುವುದು ಬೇಡ.

ಹನ್ನೆರಡು ಹೋಟೆಲು, ತಿಂಗಳಿಗೆ ತಲಾ 15 ಕಿಲೊದ ಎರಡು ಡಬ್ಬ ಎಂದರೆ ವರ್ಷಕ್ಕೆ ಸುಮಾರು 154 ಕ್ವಿಂಟಲ್ ಕಾಯಿ, ₹11.2 ಲಕ್ಷ. ಯೋಜನೆ ಮುಗ್ಗರಿಸುವುದು ಇಲ್ಲಿಯೇ: ಅಕ್ಟೋಬರ್-ನವೆಂಬರ್ ಸುಗ್ಗಿಯಲ್ಲಿ ಇಷ್ಟೂ ಹಣ ಒಮ್ಮೆಗೇ ಬೇಕು. ಕಾಯಿಯನ್ನು ಗೋದಾಮಿನಲ್ಲಿಟ್ಟು, ಅದರ ರಸೀದಿಯ ಮೇಲೆ ಸಹಕಾರಿ ಬ್ಯಾಂಕಿನ ಸಾಲ ಎತ್ತುವುದು ದಾರಿ.

ದಾಸ್ತಾನು ಸಿಪ್ಪೆಸಮೇತ ಕಾಯಿಯಾಗಿರಲಿ, ತಿಂಗಳಿಗೆ ಬೇಕಾದಷ್ಟನ್ನೇ ಗಾಣಕ್ಕೆ ಹಾಕಿಸಿ; ಎಣ್ಣೆ ಮಾಡಿಟ್ಟರೆ ಕನರುತ್ತದೆ. ಬೀಜದ ತೇವ ಶೇ. 8 ದಾಟಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು. ರಿಫೈನ್ ಆಗದ ಎಣ್ಣೆಯಲ್ಲಿ ಅದರ ಅಂಶ ಉಳಿಯಬಹುದಾದ್ದರಿಂದ, ಗಾಣದ್ದೆಂದು ಕಣ್ಣುಮುಚ್ಚಿ ನಂಬದೆ ಪ್ರತಿ ಕಂತಿನ ಎಣ್ಣೆಗೂ ಪ್ರಯೋಗಾಲಯದ ವರದಿ ಕೇಳಿ. ಎಣ್ಣೆಯನ್ನು ಎರಡು ಮೂರು ದಿನ ಬಿಟ್ಟು ಗಸಿ ತಳಕ್ಕೆ ಕೂರಿಸದೆ ಡಬ್ಬ ತುಂಬಿದರೆ, ಆ ಗಸಿ ಕಾವಲಿಯಲ್ಲಿ ಸೀದು ದೋಸೆಗೆ ಕಪ್ಪು ಚುಕ್ಕೆ ಬೀಳುತ್ತದೆ, ಗಿರಾಕಿ ದೂರುತ್ತಾನೆ.