ಚಿಕ್ಕಮ್ಮನ ಹಾರ್ಡ್ ಡಿಸ್ಕ್: ಮೊದಲು ಹೆಸರು, ಆಮೇಲೆ ಫೈಲು

ಡಿಸ್ಕ್ ಹೇಗಿದೆ

ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 1 ಟಿಬಿ ಡಿಸ್ಕ್. ಎರಡೂವರೆ ಇಂಚಿನದು, ನಿಮಿಷಕ್ಕೆ 5400 ಸುತ್ತು. ಲ್ಯಾಪ್‌ಟಾಪ್ ಮೇಜಿನಿಂದ ಬಿದ್ದ ಮೇಲೆ ವಿಂಡೋಸ್ ಶುರುವಾಗಲು ಹೆಣಗಾಡುತ್ತಿತ್ತಂತೆ. ಆಮೇಲೆ ಶುರುವಾಗೋದನ್ನೇ ಬಿಟ್ಟಿತು. ಒಳಗೆ ಫೋಟೋ, ವಿಡಿಯೋ, ಚಿಕ್ಕಮ್ಮ ಬರೆದ ಕತೆಗಳು. "ಮಿಕ್ಕಿದ್ದೆಲ್ಲ ಹೋದ್ರೂ ಹೋಗ್ಲಿ ಕಣೋ, ಕತೆ ಫೋಲ್ಡರ್ ಸಿಕ್ಕಿದ್ರೆ ಸಾಕು" ಅಂದರು. ಬ್ಯಾಕಪ್ ಇದೆಯಾ ಅಂತ ನಾನು ಕೇಳಲಿಲ್ಲ. ಇದ್ದಿದ್ದರೆ ಡಿಸ್ಕ್ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ ಅಲ್ವಾ.

ಕರೆಂಟ್ ಕೊಡುವ ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬಂದರೆ ತಕ್ಷಣ ಆಫ್ ಮಾಡಿ ವಾಪಸ್ ಕೊಡೋದು. ಆ ಸದ್ದು ಬಂದರೆ ಓದುವ ಹೆಡ್‌ಗೇ ಪೆಟ್ಟಾಗಿದೆ ಅನ್ನೋ ಸಂಶಯ ಬಲವಾಗುತ್ತದೆ. ತಿರುಗುವ ತಟ್ಟೆಗೂ ಹೆಡ್‌ಗೂ ನಡುವೆ ಇರೋದು ಕೆಲವೇ ನ್ಯಾನೋಮೀಟರ್ ಅಂತರ. ಪೆಟ್ಟಾದ ಹೆಡ್ ತಟ್ಟೆಗೆ ಉಜ್ಜಿದರೆ ಮಾಹಿತಿ ಹಿಡಿದಿಟ್ಟ ಪದರವೇ ಕಿತ್ತುಬರುತ್ತದೆ. ಅಂಥ ಡಿಸ್ಕ್‌ನ ಕೆಲಸವನ್ನು ಧೂಳಿಲ್ಲದ ಕೋಣೆ ಇರುವ ಲ್ಯಾಬ್‌ನವರೇ ಮಾಡಬೇಕು. ಡಿಸ್ಕ್ ಅನ್ನು ಫ್ರೀಜರ್‌ನಲ್ಲಿಡಿ ಅನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ದಯವಿಟ್ಟು ಬೇಡ. ಹೊರಗೆ ತೆಗೆದ ಕೂಡಲೇ ತೇವ ಕೂರುತ್ತದೆ, ಇದ್ದ ಭಾಗ್ಯವೂ ಹೋಗುತ್ತದೆ.

ನಮ್ಮ ಡಿಸ್ಕ್ ಸದ್ದಿಲ್ಲದೆ ತಿರುಗಿತು. ಲಿನಕ್ಸ್ ಯಂತ್ರಕ್ಕೆ ನೇರ ಸಾಟಾ ಕೇಬಲ್‌ನಲ್ಲೇ ಜೋಡಿಸಿದೆ. ಯುಎಸ್‌ಬಿ ಅಡಾಪ್ಟರ್‌ನಲ್ಲೂ ಕೆಲಸ ಆಗುತ್ತದೆ, ಆದರೆ ನಡುವಿನ ಚಿಪ್ ಕೆಲವೊಮ್ಮೆ ಡಿಸ್ಕ್ ಹೇಳುವ ತಪ್ಪನ್ನು ಸರಿಯಾಗಿ ದಾಟಿಸೋದಿಲ್ಲ, ಕೆಟ್ಟ ಜಾಗ ಸಿಕ್ಕಾಗ ಸುಮ್ನೆ ಕಳಚಿಕೊಳ್ಳುತ್ತದೆ. ಡಿಸ್ಕ್ ಸಿಕ್ಕ ಕೂಡಲೇ ಅದರ ಫೈಲುಗಳನ್ನು ತಾನಾಗಿ ತೆರೆದಿಡುವ ಆಟೋ ಮೌಂಟ್ ಮೊದಲೇ ಆಫ್ ಮಾಡಿದ್ದೆ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ನಾನು ನೋಡೋದು ಮುಖ್ಯವಾಗಿ ಮೂರು ಸಾಲು. 5ನೆಯದು, ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರ್‌ಗಳು (ಸೆಕ್ಟರ್ ಅಂದರೆ ಡಿಸ್ಕ್ ಓದುವ, ಬರೆಯುವ ಅತಿ ಚಿಕ್ಕ ತುಂಡು). 197ನೆಯದು, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 199ನೆಯದು ಬಹುತೇಕ ಕೇಬಲ್ ದೂರು. ಇಲ್ಲಿ 5 ಮತ್ತು 199 ಸೊನ್ನೆ, 197 ಮಾತ್ರ ಸಾವಿರ ದಾಟಿದೆ. ಅಂದರೆ ಡಿಸ್ಕ್ ಆ ಜಾಗಗಳನ್ನು ಇನ್ನೂ ಕೈಬಿಟ್ಟಿಲ್ಲ. ಅಲ್ಲಿಗೆ ಏನನ್ನಾದರೂ ಬರೆದಾಗ ಬದಲಿ ಜಾಗ ಬೇಕೋ ಬೇಡವೋ ತೀರ್ಮಾನಿಸುತ್ತದೆ, ಆಗ ಹಳೆಯದು ಶಾಶ್ವತವಾಗಿ ಹೋದಂತೆಯೇ. ಇಂಥ ಡಿಸ್ಕ್ ಮೇಲೆ ವಿಂಡೋಸ್‌ನ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಬಾರದು ಅನ್ನೋದು ಇದಕ್ಕೇ. ಅದು ರಿಪೇರಿ ಮಾಡೋದು ಫೈಲ್ ವ್ಯವಸ್ಥೆಯನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕವನ್ನು. ನಿಮ್ಮ ಫೈಲುಗಳ ಚಿಂತೆ ಅದಕ್ಕಿಲ್ಲ.

ಇಮೇಜ್ ಶುರು

ಇಮೇಜ್ ಅಂದರೆ ಇಡೀ ಡಿಸ್ಕ್‌ನ ಸೆಕ್ಟರ್ ಸೆಕ್ಟರ್ ನಕಲು, ಒಂದೇ ಫೈಲಾಗಿ. ಸಾಧನ: ಗ್ನು ಡಿಡಿರೆಸ್ಕ್ಯೂ. ಡೆಬಿಯನ್ ಲಿನಕ್ಸ್‌ನಲ್ಲಿ ಇದರ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಇದೇ ಥರದ ಹೆಸರಿನ ಇನ್ನೊಂದು ಪ್ರೋಗ್ರಾಂ ಕೂಡ ಇದೆ, ಅದು ಬೇರೆ. ಇಮೇಜ್ ಬರೆಯಲು 2 ಟಿಬಿ ಡಿಸ್ಕ್ ತೆಗೆದುಕೊಂಡೆ. 1 ಟಿಬಿಯ ಇಮೇಜ್ ಇನ್ನೊಂದು 1 ಟಿಬಿ ಡಿಸ್ಕ್‌ನಲ್ಲಿ ಫೈಲಾಗಿ ಕೂರೋದಿಲ್ಲ, ಫೈಲ್ ವ್ಯವಸ್ಥೆಗೂ ಜಾಗ ಬೇಕಲ್ಲ.

ಹೆಚ್ಚಿನವರು ಇಲ್ಲಿ ಮೊದಲ ಸೆಕ್ಟರ್‌ನಿಂದ ಕೊನೆಯವರೆಗೆ ಓಡಿಸಿಬಿಡುತ್ತಾರೆ. ನಾನು ಹಾಗೆ ಮಾಡೋದಿಲ್ಲ. ಪೆಟ್ಟಾದ ಡಿಸ್ಕ್ ಇನ್ನೆಷ್ಟು ಹೊತ್ತು ಬದುಕಿರುತ್ತದೋ ಗೊತ್ತಿಲ್ಲ. ಹಾಗಾಗಿ ಅತಿ ಕಡಿಮೆ ಓದಿನಲ್ಲಿ ಅತಿ ಹೆಚ್ಚು ಲಾಭ ಕೊಡುವ ಜಾಗ ಮೊದಲು ಬೇಕು. ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಆ ಜಾಗ ಎಂಎಫ್‌ಟಿ, ಅಂದರೆ ಫೈಲುಗಳ ಮುಖ್ಯ ಪಟ್ಟಿ. ಪ್ರತಿ ಫೈಲಿಗೂ ಅಲ್ಲಿ ಸಾಮಾನ್ಯವಾಗಿ 1024 ಬೈಟ್‌ಗಳ ಒಂದು ದಾಖಲೆ: ಹೆಸರು, ಯಾವ ಫೋಲ್ಡರ್, ತಾರೀಕು, ಡಿಸ್ಕ್‌ನಲ್ಲಿ ಎಲ್ಲೆಲ್ಲಿ ಚೂರಾಗಿ ಕೂತಿದೆ, ಎಲ್ಲವೂ. ತೀರಾ ಚಿಕ್ಕ ಫೈಲಾದರೆ ಅದರ ಒಳಗಿನ ಬರಹವೂ ಅಲ್ಲೇ ಇರುತ್ತದೆ. 3 ಲಕ್ಷ ಫೈಲ್ ಇದ್ದರೂ ಎಂಎಫ್‌ಟಿ 300 ಎಂಬಿ ಆಸುಪಾಸು. ಇಷ್ಟು ಸಿಕ್ಕರೆ ಮಿಕ್ಕ 900 ಚಿಲ್ಲರೆ ಜಿಬಿಗೆ ಅರ್ಥ ಬರುತ್ತದೆ. ಇದಿಲ್ಲದಿದ್ದರೆ ಸಿಗೋದು ಹೆಸರಿಲ್ಲದ ಫೈಲುಗಳ ರಾಶಿ.

ಎಂಎಫ್‌ಟಿ ಎಲ್ಲಿದೆ ಅಂತ ವಿಭಾಗದ (ಪಾರ್ಟಿಷನ್) ಮೊದಲ ಸೆಕ್ಟರ್ ಆದ ಬೂಟ್ ಸೆಕ್ಟರ್ ಹೇಳುತ್ತದೆ. ಅದು ಹಾಳಾಗಿದ್ದರೆ ವಿಭಾಗದ ಕೊನೆಯ ಸೆಕ್ಟರ್‌ನಲ್ಲಿ ಅದರದೇ ಪ್ರತಿ ಇರುತ್ತದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ದೊಡ್ಡ ವಿಭಾಗಗಳಲ್ಲಿ ಎಂಎಫ್‌ಟಿ ಇರೋದು ಸಾಮಾನ್ಯವಾಗಿ 786432ನೇ ಕ್ಲಸ್ಟರ್‌ನಲ್ಲಿ (ಕ್ಲಸ್ಟರ್ ಅಂದರೆ ಸೆಕ್ಟರ್‌ಗಳ ಒಂದು ಗುಂಪು). ಕ್ಲಸ್ಟರ್‌ಗೆ 4096 ಬೈಟ್‌ನಂತೆ ಗುಣಿಸಿದರೆ, 1024ರ ಲೆಕ್ಕದಲ್ಲಿ, ವಿಭಾಗದ ಶುರುವಿನಿಂದ ಸರಿಯಾಗಿ 3 ಜಿಬಿ. ಇಲ್ಲೂ ಅಲ್ಲೇ ಇತ್ತು. ಡಿಡಿರೆಸ್ಕ್ಯೂಗೆ ಶುರುವಿನ ಜಾಗ ಮತ್ತು ಉದ್ದ ಕೊಟ್ಟು ಆ ತುಂಡನ್ನಷ್ಟೇ ಓದಿಸಿದೆ. ಎಂಎಫ್‌ಟಿಯ ಮೊದಲ ದಾಖಲೆ ಎಂಎಫ್‌ಟಿಯದ್ದೇ. ಅದನ್ನು ನೋಡಿದರೆ ಉಳಿದ ಚೂರುಗಳು ಎಲ್ಲಿವೆ ಅಂತ ಗೊತ್ತಾಗುತ್ತದೆ. ಅವನ್ನೂ ಒಂದೊಂದಾಗಿ ತೆಗೆದೆ. ಬಹುಪಾಲು ಬಂತು. ಎರಡನೇ ಚೂರಿನಲ್ಲಿ ಮಾತ್ರ ಒಂದಷ್ಟು ತೂತುಗಳು. ಇವು ಮುಂದೆ ಕಾಟ ಕೊಡುತ್ತವೆ ಅಂತ ಆಗಲೇ ಅನಿಸಿತ್ತು.

ಪೂರ್ತಿ ಡಿಸ್ಕ್

ಈಗ ಅದೇ ಇಮೇಜ್, ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಇಡೀ ಡಿಸ್ಕ್. ಡಿಡಿರೆಸ್ಕ್ಯೂನ ಪ್ರಾಣ ಈ ಮ್ಯಾಪ್ ಫೈಲಿನಲ್ಲಿದೆ. ಯಾವ ಜಾಗ ಓದಿ ಮುಗಿದಿದೆ, ಯಾವುದನ್ನು ದಾಟಿ ಬಂದಿದೆ, ಯಾವುದು ಕೆಟ್ಟದ್ದು, ಎಲ್ಲವನ್ನೂ ಮಾಮೂಲಿ ಪಠ್ಯದಲ್ಲೇ ಬರೆದಿಡುತ್ತದೆ. ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು, ಮೊದಲೇ ಓದಿದ ಎಂಎಫ್‌ಟಿಯನ್ನು ಮತ್ತೆ ಮುಟ್ಟೋದಿಲ್ಲ. ಮ್ಯಾಪ್ ಫೈಲ್ ಇಲ್ಲದೆ ಡಿಡಿರೆಸ್ಕ್ಯೂ ಓಡಿಸುವುದಕ್ಕಿಂತ ಓಡಿಸದೇ ಇರೋದು ಒಳ್ಳೆಯದು.

ಮೊದಲ ಸುತ್ತಿನಲ್ಲಿ ಮೈನಸ್ ಎನ್ ಆಯ್ಕೆ. ಕೆಟ್ಟ ಜಾಗ ಸಿಕ್ಕರೆ ಅದನ್ನು ಸೆಕ್ಟರ್ ಸೆಕ್ಟರ್ ಆಗಿ ಕೆರೆಯಬೇಡ, ಮುಂದೆ ಹೋಗು ಅಂತ. ಸುಲಭವಾಗಿ ಬರೋದು ಮೊದಲು ಬರಲಿ. ಒಂದು ಕೆಟ್ಟ ಸೆಕ್ಟರ್‌ಗೆ ಡಿಸ್ಕ್ ತನ್ನೊಳಗೇ ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರುತ್ತದೆ. ಲಿನಕ್ಸ್ ಕೂಡ ಮಾಮೂಲಿಯಾಗಿ ಒಂದು ಆದೇಶಕ್ಕೆ 30 ಸೆಕೆಂಡ್ ಕಾಯುತ್ತದೆ. ಅಂಥ ಸಾವಿರ ಜಾಗ ಸಾಲಾಗಿ ಬಂದರೆ ಲೆಕ್ಕ ಹಾಕಿಕೊಳ್ಳಿ.

ನಡುವೆ ಡಿಸ್ಕ್ ಮಾಯವಾಯಿತು. ಕರೆಂಟ್ ತೆಗೆದು, ತಣ್ಣಗಾಗಲು ಬಿಟ್ಟು, ಮತ್ತೆ ಕೊಟ್ಟಾಗ ಲಿನಕ್ಸ್ ಅದಕ್ಕೆ ಕೊಟ್ಟ ಹೆಸರು ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿ ಬಂತು. ಹಳೇ ಆದೇಶವನ್ನೇ ಕಣ್ಣುಮುಚ್ಚಿ ಓಡಿಸಿದರೆ ಬೇರೆ ಡಿಸ್ಕ್ ಓದಿ ಇಮೇಜ್ ಕಲಬೆರಕೆ ಆಗಬಹುದು. ಡಿಸ್ಕ್‌ನ ಸೀರಿಯಲ್ ನಂಬರ್ ಇರುವ ಬೈ-ಐಡಿ ದಾರಿಯನ್ನೇ ನಾನು ಯಾವಾಗಲೂ ಬಳಸೋದು, ಆದ್ದರಿಂದ ತೊಂದರೆ ಆಗಲಿಲ್ಲ. ಆಮೇಲೆ ಪಕ್ಕದಲ್ಲಿ ಒಂದು ಪುಟ್ಟ ಫ್ಯಾನ್ ಇಟ್ಟೆ. ಶಾಖ ಇಳಿಯಿತು, ಮತ್ತೆ ಮಾಯವಾಗಲಿಲ್ಲ.

ಮೊದಲ ಸುತ್ತಿನಲ್ಲೇ ಶೇ 99ಕ್ಕಿಂತ ಜಾಸ್ತಿ ಬಂತು. ಈ ಅಂಕಿ ನೋಡಿ ಹಿಗ್ಗಬೇಡಿ. ಉಳಿದ ಚೂರು ಎಲ್ಲಿದೆ ಅನ್ನೋದೇ ವಿಷಯ. ಡಿಡಿರೆಸ್ಕ್ಯೂವ್ಯೂನಲ್ಲಿ ಮ್ಯಾಪ್ ಫೈಲ್ ತೆರೆದರೆ ಇಡೀ ಡಿಸ್ಕ್ ಹಸಿರು, ಎರಡು ಕಡೆ ಮಾತ್ರ ಕಲೆಗಳ ಗುಂಪು. ಕೆಟ್ಟ ಜಾಗಗಳು ಒಂದೇ ಅಂತರದಲ್ಲಿ ಪಟ್ಟೆ ಪಟ್ಟೆಯಾಗಿ ಕಂಡಿದ್ದರೆ ಒಂದು ಹೆಡ್ ಸೋಲುತ್ತಿದೆ ಅಂತ ಗಾಬರಿ ಆಗಬೇಕಿತ್ತು. ಹಾಗೆ ಕಾಣಲಿಲ್ಲ.

ಕೆರೆಯುವ ಹಂತ, ಆಮೇಲೆ ಮೂರು ಮರುಪ್ರಯತ್ನ, ಆಮೇಲೆ ಹಿಮ್ಮುಖವಾಗಿ ಇನ್ನೊಂದು ಸಲ. ಹಿಮ್ಮುಖ ಓದಿನಲ್ಲಿ ಸ್ವಲ್ಪ ಬಂತು. ಕೊನೆಗೆ ಉಳಿದ ನಷ್ಟ ಸುಮಾರು 6 ಎಂಬಿ. ಮ್ಯಾಪ್‌ನಲ್ಲಿ ಕೆಟ್ಟ ಜಾಗಗಳೆಲ್ಲ 4096ರ ಗುಣಕಗಳಲ್ಲೇ ಇವೆ. ಡಿಸ್ಕ್ ಹೊರಗೆ 512 ಬೈಟ್ ಸೆಕ್ಟರ್ ಅಂತ ಹೇಳಿಕೊಂಡರೂ ಒಳಗಿನ ನಿಜವಾದ ಸೆಕ್ಟರ್ 4096 ಬೈಟ್. ಒಂದು ಹೋದರೆ ಎಂಟೂ ಹೋದವು. ಇಲ್ಲಿಗೆ ಡಿಸ್ಕ್ ಬಿಚ್ಚಿಟ್ಟೆ.

ಇಮೇಜ್ ಮೇಲೆ ಕೆಲಸ

ಇಮೇಜ್ ಅನ್ನು ಓದಲು ಮಾತ್ರ ಅಂತ ಗುರುತು ಮಾಡಿ, ಲೂಪ್ ಸಾಧನವಾಗಿ (ಫೈಲನ್ನೇ ಡಿಸ್ಕ್‌ನಂತೆ ತೋರಿಸೋದು) ಜೋಡಿಸಿ, ಓದಲು ಮಾತ್ರವೇ ಮೌಂಟ್ ಮಾಡಿದೆ. ಫೋಲ್ಡರ್‌ಗಳು ಹೆಸರು ಸಮೇತ ಬಂದವು. ಎಲ್ಲವನ್ನೂ ನಕಲು ಮಾಡಿಕೊಂಡೆ. ಆದರೆ ನಕಲಾದ ಫೈಲೆಲ್ಲ ಸರಿ ಇವೆ ಅಂತಲ್ಲ. ಓದಲಾಗದ ಜಾಗದಲ್ಲಿ ಇಮೇಜ್‌ನಲ್ಲಿ ಸೊನ್ನೆಗಳಿವೆ, ಅವು ಯಾವ ಫೈಲಿನ ಹೊಟ್ಟೆಯಲ್ಲಿವೆ?

ಇದಕ್ಕೆ ಡಿಡಿರೆಸ್ಕ್ಯೂನ ಕೈಪಿಡಿಯಲ್ಲೇ ಒಂದು ಚಂದದ ಉಪಾಯ ಇದೆ. ಫಿಲ್ ಮೋಡ್ ಅಂತ. ಇಮೇಜ್‌ನ ಇನ್ನೊಂದು ಪ್ರತಿಯಲ್ಲಿ ಕೆಟ್ಟ ಜಾಗಗಳಿಗೆಲ್ಲ ನಮ್ಮದೇ ಒಂದು ವಿಚಿತ್ರ ಪದ ತುಂಬಿಸೋದು. ಆಮೇಲೆ ಅದನ್ನು ಮೌಂಟ್ ಮಾಡಿ, ಆ ಪದ ಇರುವ ಫೈಲುಗಳನ್ನು ಗ್ರೆಪ್‌ನಲ್ಲಿ ಹುಡುಕೋದು. ಸಿಕ್ಕ ಪಟ್ಟಿಯೇ ಗಾಯಾಳುಗಳ ಪಟ್ಟಿ. ಹೆಚ್ಚಿನವು ವಿಂಡೋಸ್‌ನ ಸ್ವಂತ ಫೈಲುಗಳು, ಅವು ಹೋದರೆ ಹೋಗಲಿ. ಫೋಟೋ ಒಂದಷ್ಟು, ವಿಡಿಯೋ ಕೆಲವು, ಕತೆ ಫೋಲ್ಡರ್‌ನ ಒಂದು ಡಾಕ್ಸ್ (ವರ್ಡ್) ಫೈಲ್.

ಪಟ್ಟಿಯಲ್ಲಿ ಬರದೇ ಇರುವ ಇನ್ನೊಂದು ಬಗೆಯ ನಷ್ಟ ಇದೆ. ಎಂಎಫ್‌ಟಿಯ ತೂತುಗಳು. ಅಲ್ಲಿ 4096 ಬೈಟ್ ಹೋದರೆ 4 ದಾಖಲೆ ಹೋದಂತೆ, ಅಂದರೆ 4 ಫೈಲ್‌ಗಳ ಗುರುತೇ ಇಲ್ಲ. ತೀರಾ ಚಿಕ್ಕವನ್ನು ಬಿಟ್ಟರೆ ಆ ಫೈಲುಗಳು ಡಿಸ್ಕ್‌ನಲ್ಲಿ ಚೆನ್ನಾಗಿಯೇ ಇವೆ, ಆದರೆ ಎಲ್ಲಿವೆ ಅಂತ ಹೇಳುವವರಿಲ್ಲ.

ಇಲ್ಲಿ ಫೋಟೋರೆಕ್ ಕೆಲಸಕ್ಕೆ ಬಂತು. ಇದು ಹೆಸರು, ಫೋಲ್ಡರ್ ಯಾವುದನ್ನೂ ನೋಡೋದಿಲ್ಲ. ಜೆಪಿಇಜಿ ಆದರೆ ಎಫ್‌ಎಫ್ ಡಿ8 ಎಫ್‌ಎಫ್ ಅನ್ನುವ ಮೂರು ಬೈಟ್‌ಗಳಿಂದ ಶುರುವಾಗಬೇಕು, ಹೀಗೆ ಪ್ರತಿ ಬಗೆಯ ಫೈಲಿನ ತಲೆ ನೋಡಿ ಹಿಡಿಯುತ್ತದೆ. ಫೈಲ್ ಚೂರಾಗಿ ಹರಡಿದ್ದರೆ ಸೋಲೋದೇ ಜಾಸ್ತಿ. ಕ್ಯಾಮೆರಾದಿಂದ ಒಟ್ಟಿಗೆ ನಕಲು ಮಾಡಿದ ಫೋಟೋಗಳು ಸಾಮಾನ್ಯವಾಗಿ ಅಖಂಡವಾಗಿ ಕೂತಿರುತ್ತವೆ, ಹಾಗಾಗಿ ಚೆನ್ನಾಗಿ ಬಂದವು. ಹೆಸರು ಮಾತ್ರ ಎಫ್ ಮುಂದೆ ಒಂದು ಉದ್ದದ ಅಂಕಿ. ಆ ಅಂಕಿ ಫೈಲ್ ಶುರುವಾಗುವ ಸೆಕ್ಟರ್‌ನದ್ದು. ಇದನ್ನು ಮರೆಯಬೇಡಿ, ಪಕ್ಕಪಕ್ಕದ ಅಂಕಿಯ ಫೋಟೋಗಳು ಎಷ್ಟೋ ಸಲ ಒಂದೇ ಫೋಲ್ಡರ್‌ನವು.

ಹೆಸರು ವಾಪಸ್ ತರಲು ಇನ್ನೊಂದು ದಾರಿಯೂ ಸಿಕ್ಕಿತು. ಎನ್‌ಟಿಎಫ್‌ಎಸ್‌ನಲ್ಲಿ ದೊಡ್ಡ ಫೋಲ್ಡರ್‌ಗಳು ತಮ್ಮೊಳಗಿನ ಫೈಲುಗಳ ಹೆಸರು, ಗಾತ್ರ, ತಾರೀಕನ್ನು ತಮ್ಮದೇ ಸೂಚಿಯಲ್ಲೂ ಇಟ್ಟುಕೊಂಡಿರುತ್ತವೆ. ಅದು ಎಂಎಫ್‌ಟಿಯ ಹೊರಗಿರುತ್ತದೆ. ದಾಖಲೆ ಹೋಗಿದ್ದರೂ ಫೋಲ್ಡರ್‌ನ ಸೂಚಿಯಲ್ಲಿ ಹೆಸರು ಉಳಿದಿತ್ತು. ಒಂದು ಕಡೆ ಜಾಗ ಗೊತ್ತಿಲ್ಲದ ಹೆಸರು ಮತ್ತು ಗಾತ್ರ, ಇನ್ನೊಂದು ಕಡೆ ಹೆಸರಿಲ್ಲದ ಫೋಟೋ. ಗಾತ್ರಕ್ಕೆ ಗಾತ್ರ, ಫೋಟೋದೊಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯ ತಾರೀಕಿಗೆ ತಾರೀಕು ಹೊಂದಿಸಲು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದೆ. ಜಾತಕ ಕೂಡಿಸಿದ ಹಾಗೆ. ಬಹುತೇಕ ಕೂಡಿಬಂದವು. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದೇ.

ಕತೆ ಫೋಲ್ಡರ್

ಪೆಟ್ಟಾದ ಡಾಕ್ಸ್ ಫೈಲ್ ತೆರೆಯಲಿಲ್ಲ. ಡಾಕ್ಸ್ ಅಂದರೆ ಒಳಗೆ ಜಿಪ್. ಪಠ್ಯ ಇರುವ ಎಕ್ಸ್‌ಎಂಎಲ್‌ನ ನಡುವೆಯೇ ತೂತು ಬಿದ್ದಿದೆ. ಜಿಪ್‌ನಲ್ಲಿ ಒತ್ತಿ ಚಿಕ್ಕದಾಗಿಸಿದ ಪಠ್ಯವನ್ನು ತೂತಿನವರೆಗೆ ಬಿಚ್ಚಿಕೊಳ್ಳಬಹುದು, ಆಮೇಲಿನದು ಕೈಗೆ ಹತ್ತೋದಿಲ್ಲ. ಅರ್ಧ ಕತೆ ಬಂತು.

ಆದರೆ ವರ್ಡ್ ಪ್ರತಿ ಸಲ ಸೇವ್ ಮಾಡುವಾಗ ಹೊಸ ಫೈಲ್ ಬರೆದು ಹಳೆಯದನ್ನು ಅಳಿಸುತ್ತದೆ. ಅಳಿಸಿದ್ದು ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಖಾಲಿ ಜಾಗದಲ್ಲಿ ಹಾಗೇ ಬಿದ್ದಿರುತ್ತದೆ. ಫೋಟೋರೆಕ್‌ಗೆ ಖಾಲಿ ಜಾಗವನ್ನಷ್ಟೇ ಹುಡುಕು ಅಂತ ಹೇಳುವ ಆಯ್ಕೆ ಇದೆ. ಹುಡುಕಿಸಿದರೆ ಅದೇ ಕತೆಯ ಹಿಂದಿನ ಕರಡುಗಳು ಸಿಕ್ಕವು. ಇತ್ತೀಚಿನದರಲ್ಲಿ ಕೊನೆಯ ಪುಟವೂ ಇದೆ. ಟ್ರಿಮ್ (ಅಳಿಸಿದ ಜಾಗ ಇನ್ನು ಬೇಡ ಅಂತ ಡಿಸ್ಕ್‌ಗೆ ತಿಳಿಸುವ ಆದೇಶ) ಆನ್ ಆಗಿರುವ ಎಸ್‌ಎಸ್‌ಡಿ ಆಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ, ಅಳಿಸಿದ ಜಾಗ ಸಾಮಾನ್ಯವಾಗಿ ಸೊನ್ನೆಯಾಗಿಯೇ ಬರುತ್ತಿತ್ತು.

ಸುಮ್ನೆ ಪಠ್ಯವಾಗಿ ಬರೆದಿಟ್ಟ ಟಿಪ್ಪಣಿಗಳೂ ಇದ್ದವು ಅಂತ ಚಿಕ್ಕಮ್ಮ ನೆನಪಿಸಿದರು. ಇಂಥದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ಕನ್ನಡ ಆಗಿದ್ದರಿಂದ ಒಂದು ಅನುಕೂಲ ಆಯಿತು. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಯೂ ಮೂರು ಬೈಟ್, ಮೊದಲೆರಡು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. ಈ ಜೋಡಿಗಳು ಒತ್ತೊತ್ತಾಗಿ ಬರುವ ಜಾಗಗಳನ್ನು ಇಮೇಜ್‌ನಲ್ಲಿ ನೇರವಾಗಿ ಹುಡುಕಿದೆ. ಬ್ರೌಸರ್ ಉಳಿಸಿದ ಕಸವೂ ಬಂತು, ನಡುವೆ ಟಿಪ್ಪಣಿಗಳೂ ಬಂದವು.

ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ತೀರಾ ಹಳೆಯ ಬರಹಗಳಿಗೆ ಇದು ನಡೆಯೋದಿಲ್ಲ. ಅಲ್ಲಿ ಕಂಪ್ಯೂಟರ್‌ನ ಲೆಕ್ಕಕ್ಕೆ ಕನ್ನಡವೇ ಇಲ್ಲ, ಇರೋದು ಲ್ಯಾಟಿನ್ ಗುರುತುಗಳ ಸಾಲು. ಕತೆಯಲ್ಲಿ ಬರುವ ಒಂದು ಪಾತ್ರದ ಹೆಸರು ಕೇಳಿಕೊಂಡು, ಪರಿವರ್ತಕದಲ್ಲಿ ಹಾಕಿ ಆಸ್ಕಿ ರೂಪ ಪಡೆದು, ಆ ಬೈಟ್‌ಗಳನ್ನೇ ಹುಡುಕಿದೆ. ಹಳೇ ಡಾಕ್ ಫೈಲುಗಳಲ್ಲಿ ಪಠ್ಯ ಒಂದು ಬೈಟ್‌ನಲ್ಲೂ ಇರಬಹುದು, ಎರಡರಲ್ಲೂ ಇರಬಹುದು, ಹಾಗಾಗಿ ಎರಡು ರೂಪದಲ್ಲೂ ಹುಡುಕಬೇಕು. ಎರಡು ಕತೆ ಸಿಕ್ಕವು. ಒಂದನ್ನು ಬರೆದದ್ದೇ ಚಿಕ್ಕಮ್ಮನಿಗೆ ಮರೆತುಹೋಗಿತ್ತು.

ಬಾಕಿ ಇರೋದು

ನಡುವೆ ತೂತು ಬಿದ್ದ ಜೆಪಿಇಜಿಗಳಲ್ಲಿ ಆ ಜಾಗದಿಂದ ಕೆಳಗೆ ಬಣ್ಣ ಕೆಟ್ಟು, ಚಿತ್ರ ಪಕ್ಕಕ್ಕೆ ಸರಿದಿದೆ. ಅವನ್ನು ಹಾಗೇ ಬಿಟ್ಟಿದ್ದೇನೆ, ಎಕ್ಸಿಫ್‌ನೊಳಗಿನ ಪುಟ್ಟ ಚಿತ್ರ ಸರಿಯಿದ್ದರೆ ಅದನ್ನು ಬೇರೆ ತೆಗೆದಿಟ್ಟೆ. ವಿಡಿಯೋಗಳಲ್ಲಿ ಕೆಲವು ಓಡುತ್ತಿಲ್ಲ. ಎಂಪಿ4ರಲ್ಲಿ ಯಾವ ಚೌಕಟ್ಟು (ಫ್ರೇಮ್) ಎಲ್ಲಿದೆ ಅನ್ನುವ ಸೂಚಿ ಮೂವ್ ಅನ್ನುವ ಭಾಗದಲ್ಲಿರುತ್ತದೆ. ಫೋನ್‌ಗಳು ಅದನ್ನು ಹೆಚ್ಚಾಗಿ ಫೈಲಿನ ಕೊನೆಗೆ ಬರೆಯುತ್ತವೆ. ಇವುಗಳಲ್ಲಿ ಆ ಕೊನೆಯೇ ಹೋಗಿದೆ. ಅನ್‌ಟ್ರಂಕ್ ಅನ್ನುವ ಪ್ರೋಗ್ರಾಂ ಅದನ್ನು ಮತ್ತೆ ಕಟ್ಟಬಲ್ಲದು, ಮಾದರಿಗೆ ಅದೇ ಫೋನಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಸರಿಯಾದ ವಿಡಿಯೋ ಒಂದು ಬೇಕು. ಹಳೇ ಫೋನ್ ಇನ್ನೂ ಇದೆಯಂತೆ, ಚಾರ್ಜ್ ಆದರೆ ಒಂದು ಚಿಕ್ಕ ವಿಡಿಯೋ ತೆಗೆದು ಕಳಿಸಿ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ.