ನನ್ನ 5 ಎಂಎಂ ಕ್ಯಾಲ್ಕ್ಯುಲಸ್ಸು

ಬೆಳಗಿನ ಜಾವ ಮೂರು ಗಂಟೆಗೆ ಎಡಗಡೆ ಸೊಂಟದ ಹಿಂದೆ ಶುರುವಾಯ್ತು ನೋಡಿ, ಗ್ಯಾಸ್ ಇರ್ಬೇಕು ಅಂತ ಜೀರಿಗೆ ನೀರು ಕುಡ್ದೆ, ಹದಿನೈದು ನಿಮಿಷದಲ್ಲಿ ಕೂರೋಕೂ ಆಗ್ದೆ ನಿಲ್ಲೋಕೂ ಆಗ್ದೆ ಹಾಲ್‌ನಲ್ಲಿ ಸುತ್ತು ಹೊಡೀತಿದ್ದೆ, ವಾಂತಿನೂ ಆಯ್ತು, ಕೊನೆಗೆ ಆಟೋ ಹಿಡ್ದು ನರ್ಸಿಂಗ್ ಹೋಮ್. ಇಂಜೆಕ್ಷನ್, ಡ್ರಿಪ್, ಬೆಳಗ್ಗೆ ಸ್ಕ್ಯಾನಿಂಗ್. ರಿಪೋರ್ಟಲ್ಲಿ 'ಲೆಫ್ಟ್ ಯುರೆಟರಿಕ್ ಕ್ಯಾಲ್ಕ್ಯುಲಸ್, 5 ಎಂಎಂ' ಅಂತಿತ್ತು, ಅಂದ್ರೆ ಕಿಡ್ನಿಯಿಂದ ಮೂತ್ರ ಇಳಿಯೋ ಎಡಗಡೆ ನಾಳದಲ್ಲಿ ಕಲ್ಲು.

ಮಗಳು ಸೆಕೆಂಡ್ ಪಿಯುಸಿ ಸೈನ್ಸು, ಅವಳ ಗಣಿತದಲ್ಲೂ ಕ್ಯಾಲ್ಕ್ಯುಲಸ್ ಅಂತ ಒಂದು ಪಾಠ ಇದೆ. ರಿಪೋರ್ಟ್ ಕಿತ್ಕೊಂಡು ಓದಿ, "ಅಪ್ಪಾ, ನಂಗೆ ತಲೇಗೆ ಹತ್ತದೇ ಇರೋದು ನಿಂಗೆ ಹೊಟ್ಟೇಲೇ ಇದೆಯಲ್ಲೋ" ಅಂದ್ಲು. ನಗೋಕೆ ಹೋದ್ರೆ ಪ್ರಾಣ ಹೋಗುತ್ತೆ.

ಡ್ರಿಪ್ ಮುಗಿಯೋವರೆಗೂ ಇನ್ನೇನು ಕೆಲಸ, ಎರಡೂ ಕಡೆ ಒಂದೇ ಹೆಸರು ಯಾಕೆ ಅಂತ ಮೊಬೈಲಲ್ಲಿ ಹುಡುಕ್ತಾ ಮಲಗಿದ್ದೆ. ಲ್ಯಾಟಿನಲ್ಲಿ ಕ್ಯಾಲ್ಕ್ಸ್ ಅಂದ್ರೆ ಸುಣ್ಣದ ಕಲ್ಲು, ಅದರ ಮರಿ ಕ್ಯಾಲ್ಕ್ಯುಲಸ್, ಅಂದ್ರೆ ನಮ್ಮ ಹರಳು. ರೋಮನ್ನರ ಅಂಕಿ ಗೊತ್ತಲ್ಲ, ಗಡಿಯಾರದಲ್ಲಿ ಇರುತ್ತಲ್ಲ ಆ ಎಕ್ಸು ವಿ ಐ, ಅದನ್ನ ಬರ್ಕೊಂಡು ಗುಣಾಕಾರ ಮಾಡೋದು ಯಾರಿಗೆ ಬೇಕು, ಅದಕ್ಕೇ ಹಲಗೆ ಮೇಲೆ ಗೀಟು ಎಳ್ದು ಹರಳು ಸರಿಸಿ ಕೂಡಿ ಕಳೀತಿದ್ರು. ಆ ಹರಳಿಂದ ಕ್ಯಾಲ್ಕ್ಯುಲಾರೆ ಅನ್ನೋ ಕ್ರಿಯಾಪದ ಹುಟ್ಕೊಂಡು, ಅದೇ ಇಂಗ್ಲಿಷಿಗೆ ಬಂದು ಕ್ಯಾಲ್ಕ್ಯುಲೇಟ್ ಆಗಿದೆ. 1684ರಲ್ಲಿ ಜರ್ಮನ್ ಗಣಿತಜ್ಞ ಲೈಬ್‌ನಿಜ್ ತನ್ನ ಹೊಸ ಗಣಿತದ ಬಗ್ಗೆ ಲ್ಯಾಟಿನಲ್ಲಿ ಬರೆದಾಗ್ಲೂ ಇದೇ ಪದ ಹಾಕಿದ್ದ, ಮಗಳ ತಲೆನೋವು ಅಲ್ಲಿಂದ. ಡಾಕ್ಟರುಗಳು ಮಾತ್ರ ಹಳೇ ಅರ್ಥ ಬಿಟ್ಟಿಲ್ಲ, ಅವ್ರಿಗೆ ಕಲ್ಲು ಅಂದ್ರೆ ಕಲ್ಲೇ. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡೇವಿ ಸುಣ್ಣದಿಂದ ಬೇರ್ಪಡಿಸಿದ ಲೋಹಕ್ಕೆ ಕ್ಯಾಲ್ಸಿಯಂ ಅಂತ ಇಟ್ಟಿದ್ದೂ ಅದೇ ಕ್ಯಾಲ್ಕ್ಸಿಂದ, ಕಿಡ್ನಿ ಕಲ್ಲುಗಳಲ್ಲಿ ಮುಕ್ಕಾಲುಪಾಲು ಕ್ಯಾಲ್ಸಿಯಮ್ಮೇ, ಅಂದ್ರೆ ನನ್ನ ಹೊಟ್ಟೇಲಿ ಇದ್ದಿದ್ದು ಹೆಸರಲ್ಲೂ ಸುಣ್ಣ ಮೈಯಲ್ಲೂ ಸುಣ್ಣ.

ಇದನ್ನೆಲ್ಲ ಅಮ್ಮಂಗೆ ಹೇಳಿದ್ರೆ ಅವಳಿಗೇನೂ ಆಶ್ಚರ್ಯ ಆಗ್ಲಿಲ್ಲ. "ನಿಮ್ಮ ತಾತ ಮತ್ತೇನ್ ಮಾಡ್ತಿದ್ರು?" ಅಂದ್ಲು. ಹೌದಲ್ವಾ, ಕಣದಲ್ಲಿ ತಾತ ರಾಗಿ ಅಳೀವಾಗ ಮೊದಲ ಕೊಳಗಕ್ಕೆ ಒಂದು ಅಂತಿರ್ಲಿಲ್ಲ, "ಲಾಭ" ಅಂತಿದ್ರು, ಆಮೇಲೆ ಎರಡು, ಮೂರು, ಪ್ರತಿ ಇಪ್ಪತ್ತಕ್ಕೆ ಒಂದು ಹರಳು ಪಕ್ಕಕ್ಕೆ ಇಡೋದು, ಇಡೋ ಕೆಲಸ ನನ್ನದು, ಒಂದ್ಸಲ ಹರಳಲ್ಲಿ ಆಟ ಆಡ್ತಾ ಲೆಕ್ಕ ತಪ್ಪಿಸಿ ಏಟು ತಿಂದಿದ್ದೂ ಇದೆ.

(ಡಿಸ್ಚಾರ್ಜ್ ಬಿಲ್ಲಿಗೆ ಮಾತ್ರ ಯಾವ ರೋಮನ್ನನ ಹರಳೂ ಸಾಲ್ತಿರ್ಲಿಲ್ಲ ಬಿಡಿ.)

ಮಾತ್ರೆ ಕೊಟ್ಟು, ನೀರು ಚೆನ್ನಾಗಿ ಕುಡೀರಿ, ಯೂರಿನ್ ಸೋಸಿ ನೋಡ್ತಿರಿ ಅಂದಿದ್ರು. ಅಮ್ಮ ತನ್ನ ಕಡೆಯಿಂದ ಬಾಳೆದಿಂಡಿನ ರಸ, ಹುರುಳಿ ಕಟ್ಟು, ಎರಡೂ ಶುರು ಮಾಡಿದ್ಲು, ಮನೇಲಿ ಒಂದು ಹಳೇ ಟೀ ಸೋಸೋ ಜಾಲರಿ ಶಾಶ್ವತವಾಗಿ ಬಾತ್‌ರೂಮಿಗೆ ಹೋಯ್ತು. ಒಂಬತ್ತನೇ ದಿನ ಟಣ್ ಅಂತ ಏನೂ ಸದ್ದು ಬರ್ಲಿಲ್ಲ, ಸುಮ್ನೆ ಒಂದು ಕಂದು ಚೂರು, ಮೆಣಸಿನ ಕಾಳಷ್ಟು ದಪ್ಪ, ಮುಳ್ಳು ಮುಳ್ಳು. ಇಷ್ಟೇನಾ ನನ್ನನ್ನ ಅಷ್ಟು ಕುಣಿಸಿದ್ದು ಅನ್ನಿಸ್ತು. ತೊಳ್ದು ಔಷಧಿ ಬಾಟ್ಲಿ ಮುಚ್ಚಳದಲ್ಲಿಟ್ಟು ಅಮ್ಮಂಗೆ ತೋರಿಸ್ದೆ.

ಕನ್ನಡಕ ಏರಿಸಿ ನೋಡಿದ್ಲು. "ಲಾಭ" ಅಂದ್ಲು.