ಮತ್ತೆ ಯಾಕೆ ಕುಡಿದ್ರಿ?

ಆಪ್ತಸಮಾಲೋಚಕರು ಹೀಗೆ ಕೇಳಿದ್ದೇ ತಡ, ಎದುರಿಗಿದ್ದವರು ವಕೀಲರಾಗಿಬಿಡುತ್ತಾರೆ. ಮದುವೆ ಇತ್ತು, ಸ್ನೇಹಿತರು ಬಿಡಲಿಲ್ಲ, ಒಂದೇ ಪೆಗ್ಗು... ಕುಡಿತದ ಪರ ವಾದ ಅವರ ಬಾಯಿಂದಲೇ ಶುರು. ಆ ಪ್ರಶ್ನೆಯ ಬದಲು ಸಮಾಲೋಚಕರಾದ ನೀವೇ "ಸಂಜೆಯಾದ್ರೆ ತಡ್ಕೊಳ್ಳೋದು ಕಷ್ಟ ಆಗ್ತಿದೆ" ಅಂದು ಸುಮ್ಮನಾಗಿ. ಮಾತಿನ ಕೊನೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ದನಿ ಏರಬಾರದು, ಏರಿದರೆ ಅದೂ ವಿಚಾರಣೆಯೇ.

ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದ, ಬದಲಾಗುವ ಮಾತು ಅವರ ಬಾಯಿಂದಲೇ ಬರುವಂತೆ ಮಾಡುವ ಸಮಾಲೋಚನೆಯ ವಿಧಾನವಾದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳಿದರೆ ಎರಡು ಸಲವಾದರೂ ಅವರ ಮಾತನ್ನೇ ಹಿಡಿದು ಹೇಳಬೇಕು. ಗಿಳಿಪಾಠವಲ್ಲ, ಅವರು ಬಾಯಿಬಿಟ್ಟು ಹೇಳದ ಅರ್ಥವನ್ನೂ ಚೂರು ಸೇರಿಸಿ. ನಾಲಿಗೆ ತುದಿಗೆ ಬಂದ ಬುದ್ಧಿಮಾತು ನುಂಗಿಕೊಳ್ಳೋದೇ ಇಲ್ಲಿ ಕಷ್ಟದ ಕೆಲಸ. ನಮ್ಮಲ್ಲಂತೂ ಅದು ಪುಕ್ಕಟೆ! ಮುಂದಿನ ಸಲ ಅವರು ಬರದಿದ್ದರೆ, "ಬದಲಾಗೋ ಮನಸ್ಸಿಲ್ಲ" ಅಂತ ಫೈಲಲ್ಲಿ ಬರೆಯುವ ಮೊದಲು ಹೋದ ಸಲ ಜಾಸ್ತಿ ಮಾತಾಡಿದ್ದು ಯಾರು ಅಂತ ನೋಡಿಕೊಳ್ಳಿ.